ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಬಿಸಿಯೇರಿದರೆ: ಎರಡು ವಾರದ ಲೆಕ್ಕ

ಭಾರತದ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅಮ್ಮನಿಗೆ, ಅಕ್ಕನಿಗೆ ಯಾವಾಗ ನಿಂತಿತು ಎಂದು ಕೇಳಿಟ್ಟುಕೊಳ್ಳಿ. ನಿಮ್ಮದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಬರಬಹುದು. ಬೀಡಿ, ಸಿಗರೇಟು ಸೇದುವವರಿಗೆ ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ, ಬಿಸಿಯೇರುವ ಕಾಟವೂ ಹೆಚ್ಚು.

ಗೋಡೆಯ ಕ್ಯಾಲೆಂಡರಿನಲ್ಲೇ ಎರಡು ವಾರ ಬರೆಯಿರಿ: ಎಷ್ಟು ಗಂಟೆಗೆ ಮುಖ, ಕತ್ತು ಕಾದು ಬೆವರಿತು, ಅದಕ್ಕೆ ಅರ್ಧ ಗಂಟೆ ಮುಂಚೆ ಏನು ತಿಂದಿರಿ, ಒಲೆ ಮುಂದೆ ಎಷ್ಟು ಹೊತ್ತು ನಿಂತಿರಿ. ಬಿಸಿ ಕಾಫಿ, ಖಾರದ ಸಾರು, ಗಾಳಿಯಾಡದ ಅಡುಗೆಮನೆ ಕೆಲವರಿಗೆ ಕಾರಣ, ಎಲ್ಲರಿಗೂ ಅಲ್ಲ. ಆದ್ದರಿಂದ ಒಂದೊಂದನ್ನೇ ಒಂದು ವಾರ ಬಿಟ್ಟು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಹಾಗಾಯಿತೆಂದು ಗೊತ್ತಾಗುವುದಿಲ್ಲ. ಸಂಜೆ 4ರ ನಂತರದ ಕಾಫಿಯಿಂದ ಶುರುಮಾಡಿ, ನಿದ್ದೆಗೂ ಒಳ್ಳೆಯದು.

ಮೂಳೆಗೆ ರಾಗಿ ಬಿಡಬೇಡಿ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಿರಿ.

ಇಷ್ಟಾದರೂ ರಾತ್ರಿ ನಿದ್ದೆ ಕೆಡುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಇದಕ್ಕೆ ಒಳ್ಳೆಯ ಔಷಧಿಗಳಿವೆ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ‘ಉಷ್ಣ ಆಗಿದೆ’ ಎಂದು ಸುಮ್ಮನಿರದೆ ಅದೇ ವಾರ ಸ್ತ್ರೀರೋಗ ತಜ್ಞರಿಗೆ ತೋರಿಸಿ.