ಪ್ರಾಜೆಕ್ಟ್ ಕೊಟ್ಟಾರಂದ್ರ ಮೊದ್ಲ ಸಾಲಿ ಲೈಬ್ರರಿ ಕಪಾಟ ತೆಗಸ್ರಿ

ನಮ್ಮ ವಿಜಯಪುರ ಕಡೆ ಹೈಸ್ಕೂಲ್ ಹುಡುಗ್ರು ಪ್ರಾಜೆಕ್ಟ್ ಅಂದ್ರ ಸಾಕು ಮೊಬೈಲ್‌ದಾಗ ಗೂಗಲ್ ಮಾಡಿ ಮೊದ್ಲು ಬಂದಿದ್ದನ್ನ ಇಳಿಸ್ಕೊಂಡು ಬರ್ತಾರ್ರಿ, ಹತ್ತು ಮಂದೀದು ತಗದ್ರ ಹತ್ತರಾಗೂ ಅದ ಪ್ಯಾರಾ. ಕಪಾಟದ ಕೀಲಿ ಯಾವ ಸರ್ ಕಡೆ ಐತಿ ಕೇಳಿ ಒಮ್ಮಿ ತೆಗಸ್ರಿ.

ಹಳೇ ಪುಸ್ತಕದಾಗ ವಿಜಯಪುರ ಅಂತ ಹುಡುಕಿದ್ರ ಸಿಗೂದಿಲ್ಲ, ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕ, ಅದಕ್ಕ ಬಿಜಾಪುರ ಅಂತ ನೋಡ್ರಿ. ಬಾಗಲಕೋಟಿಯವ್ರೂ ಕೇಳ್ರಿ, ನಿಮ್ದು ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ, ಅದಕ್ಕೂ ಮೊದ್ಲಿನ ಗೆಜೆಟಿಯರ್‌ದಾಗ (ಜಿಲ್ಲಾದ ಮಾಹಿತಿ ಇರೂ ಸರ್ಕಾರಿ ಪುಸ್ತಕ) ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲಾ ಬಿಜಾಪುರ ಜಿಲ್ಲಾದೊಳಗ ಕುಂತಾವು, ಇದು ಗೊತ್ತಿಲ್ದ ಹುಡುಗ್ರು ಏನೂ ಇಲ್ಲಂತ ವಾಪಸ್ ಬರ್ತಾರ.

ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ, 14 ಸಂಪುಟ, ನಿಮ್ಮ ಸಾಲ್ಯಾಗ ಇದ್ರ ಪುಣ್ಯ ಅನ್ರಿ. ಅಕ್ಷರಕ್ರಮದಾಗ ಐತಿ, ಗೋಳಗುಮ್ಮಟ ಬೇಕಂದ್ರ ಅದೊಂದ ನೋಡಬ್ಯಾಡ್ರಿ, ಆದಿಲ್‌ಶಾಹಿ, ಬಿಜಾಪುರ ಇವನ್ನೂ ತಗೀರಿ. ಉಳಿದ ಪುಸ್ತಕ ಇಡೀ ಓದೂದು ಬ್ಯಾಡ, ಹಿಂದ ಪದಸೂಚಿ ಇದ್ರ ಅಲ್ಲಿಂದ ಪುಟ ಹಿಡೀರಿ.

ಬೇಕಾದ ಪುಟದ ಜೊತಿ ಮೊದಲ ಹಾಳಿ ಫೋಟೋನೂ ಹೊಡ್ಕೋರಿ, ಲೇಖಕರು, ಪ್ರಕಾಶನ, ವರ್ಷ ಅಲ್ಲೇ ಇರ್ತಾವು, ಆಮ್ಯಾಲ ಎಲ್ಲಿಂದ ತಂದಿ ಅಂತ ಸರ್ ಕೇಳಿದ್ರ ಒದ್ದಾಡೂದು ತಪ್ಪತೈತಿ. ಸಾಲ್ಯಾಗ ಸಿಗಲಿಲ್ಲಂದ್ರ ಜಿಲ್ಲಾ ಗ್ರಂಥಾಲಯಕ್ಕ ಹೋಗ್ರಿ, ರೆಫರೆನ್ಸ್ ಪುಸ್ತಕ ಸಾಮಾನ್ಯವಾಗಿ ಮನಿಗೆ ಕೊಡೂದಿಲ್ಲ, ನೋಟ್‌ಬುಕ್ ಮರೀಬ್ಯಾಡ್ರಿ.