ಜರ್ಮನಿಯಲ್ಲಿ ಮೊದಲ ಕಾರು: ಚಿಕ್ಕದಾದರೆ ಅಗ್ಗ ಎಂಬ ಲೆಕ್ಕ ಬಿಡಿ

ಊರಲ್ಲಿ ಐ10 ಓಡಿಸಿದವರು ಇಲ್ಲೂ ಅಂಥದ್ದೇ ಹೊಸದೊಂದು ಸಾಕೆಂದು ಷೋರೂಮಿಗೆ ಹೋಗುತ್ತಾರೆ. ನಮ್ಮವರು ಮಾಡುವ ಮೊದಲ ತಪ್ಪೇ ಅದು. ಹತ್ತು ಹನ್ನೆರಡು ವರ್ಷದ ಹಿಂದೆ 6,990 ಯೂರೊಗೆ ಸಿಗುತ್ತಿದ್ದ ಡಾಸಿಯಾ ಸ್ಯಾಂಡೆರೊ ಈಗ 11,000 ದಾಟಿದೆ. ಹೊಸ ಕಾರುಗಳಲ್ಲಿ ಅಗ್ಗದ್ದೆಂದು ಹೆಸರಾದದ್ದೇ ಅದು.

2024ರ ಜುಲೈ 7ರಿಂದ ಯುರೋಪಿಯನ್ ಒಕ್ಕೂಟದಲ್ಲಿ ನೋಂದಣಿಯಾಗುವ ಹೊಸ ಕಾರಿಗೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಲೇನ್ ತಪ್ಪದಂತೆ ನೋಡುವುದು, ವೇಗಮಿತಿ ದಾಟಿದರೆ ಎಚ್ಚರಿಸುವುದು, ಚಾಲಕ ತೂಕಡಿಸುವುದನ್ನು ಪತ್ತೆಮಾಡುವುದು ಎಲ್ಲ ಕಡ್ಡಾಯ. ಆ ಕ್ಯಾಮೆರಾ, ಸೆನ್ಸರ್‌ಗಳ ಖರ್ಚು ದೊಡ್ಡ ಕಾರಿಗೂ ಪುಟ್ಟ ಕಾರಿಗೂ ಹೆಚ್ಚುಕಡಿಮೆ ಒಂದೇ. 60,000 ಯೂರೊ ಕಾರಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, 12,000ದ ಕಾರಿನಲ್ಲಿ ಲಾಭವನ್ನೇ ನುಂಗುತ್ತದೆ. ಮೇಲೆ ಹೊಗೆಯ ದಂಡ: ಕಂಪನಿ ಮಾರಿದ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಮಿತಿ ಮೀರಿದರೆ ಪ್ರತಿ ಕಾರಿಗೆ, ಮೀರಿದ ಗ್ರಾಂ ಒಂದಕ್ಕೆ 95 ಯೂರೊ. ಪುಟ್ಟ ಪೆಟ್ರೋಲ್ ಕಾರೂ ಕಿಲೋಮೀಟರಿಗೆ ಸಾಮಾನ್ಯವಾಗಿ 100 ಗ್ರಾಂ ದಾಟುತ್ತದೆ. ಫೋಕ್ಸ್‌ವ್ಯಾಗನ್ ಅಪ್, ಫೋರ್ಡ್ ಫಿಯೆಸ್ಟಾ ಎಂಬ ಎರಡು ಪುಟ್ಟ ಕಾರುಗಳ ತಯಾರಿಕೆ 2023ರಲ್ಲಿ ನಿಂತಿತು. ಫಿಯೆಸ್ಟಾ ಬರುತ್ತಿದ್ದ ಕೊಲೋನ್ ಕಾರ್ಖಾನೆಯಲ್ಲಿ ಈಗ ವಿದ್ಯುತ್ ಕಾರು ತಯಾರಾಗುತ್ತದೆ.

ಆದ್ದರಿಂದ ಮೂರರಿಂದ ಐದು ವರ್ಷ ಓಡಿದ ಕಾರು ನೋಡಿ. ಹಿಂದಿನ ನಂಬರ್ ಪ್ಲೇಟಿನ ದುಂಡು ಸ್ಟಿಕ್ಕರಿನ ನಡುವಿನ ಅಂಕಿ ವರ್ಷ, ಮೇಲ್ತುದಿಯಲ್ಲಿರುವ ಅಂಕಿ ತಿಂಗಳು. ಟ್ಯೂಫ್ ಎಂದು ಕರೆಯುವ, ಕಾರಿನ ಮುಂದಿನ ಕಡ್ಡಾಯ ತಪಾಸಣೆ ಆಗ. ಟೈರಿನ ಪಕ್ಕೆಯ ಮೇಲೆ 3521 ಎಂದಿದ್ದರೆ ಅದು 2021ರ 35ನೇ ವಾರದಲ್ಲಿ ತಯಾರಾದದ್ದು. ಚಳಿಗಾಲದ ಟೈರಿಗೆ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರಲೇಬೇಕು. ಕೆಲವು ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲಿನೊಳಗೇ ಓಡುತ್ತದೆ. ಆಯಿಲ್ ಬದಲಿಸುವುದು ತಡವಾದರೆ ಬೆಲ್ಟಿನ ಚೂರು ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ, ಎಂಜಿನ್ ಹೋಗುತ್ತದೆ. ಆಯಿಲ್ ಬಿಲ್ಲು, ಬೆಲ್ಟಿನ ಬಿಲ್ಲು ಎರಡನ್ನೂ ಕೇಳಿ. ಬಾಯಿಮಾತು ನಂಬಬೇಡಿ.

ಮುಂಗಾಜಿಗೆ ಕ್ಯಾಮೆರಾ ಇದ್ದರೆ ಟೈಲ್‌ಕಾಸ್ಕೊ, ಅಂದರೆ ಗಾಜು ಒಡೆದಂಥ ಹಾನಿಗೆ ಕೊಡುವ ಭಾಗಶಃ ವಿಮೆ, ಬಿಡಬೇಡಿ. ಕಲ್ಲು ಬಡಿದು ಗಾಜು ಬದಲಿಸಿದರೆ ಕ್ಯಾಮೆರಾವನ್ನೂ ಹೊಸದಾಗಿ ಹೊಂದಿಸಬೇಕು. ಭಾರತದ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಆಮೇಲೆ ಪರೀಕ್ಷೆ.

ಊರಲ್ಲಿ ಮಾರುತಿಯ ಹಿಂದಿನ ಸೀಟಿನಲ್ಲಿ ನಾಲ್ವರು ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಧರ್ಮಸ್ಥಳಕ್ಕೆ ಹೋಗುತ್ತಿದ್ದೆವು. ಇಲ್ಲಿ ಹನ್ನೆರಡು ವರ್ಷ ತುಂಬುವವರೆಗೆ ಅಥವಾ 150 ಸೆಂಟಿಮೀಟರ್ ಎತ್ತರವಾಗುವವರೆಗೆ ಮಕ್ಕಳಿಗೆ ಬೇರೆ ಸೀಟೇ ಬೇಕು. ಅಂಥ ಎರಡು ಸೀಟು ಹಾಕಿದರೆ ಪುಟ್ಟ ಕಾರಿನಲ್ಲಿ ಊರಿಂದ ಬಂದ ಅಜ್ಜಿಗೆ ಜಾಗವೇ ಇಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜಿಯಿಂದ ಕನ್ನಡದ ಕಥೆ ಕೇಳುವುದು ಕಾರಿನಲ್ಲಿ ಹೋಗುವಾಗಲೇ. ಕಾರು ನೋಡಲು ಹೋಗುವಾಗ ಎರಡೂ ಸೀಟು ಒಯ್ಯಿರಿ, ಹಾಕಿ ನೋಡಿ, ನಡುವೆ ನೀವೇ ಕೂತು ಬೆಲ್ಟ್ ಕಟ್ಟಿಕೊಳ್ಳಿ.