‘ಲೌಡ್ ಸೌಂಡ್’ ಸಾಕು ಮಾಡಿ: ಸದ್ದುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ

ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನಮ್ಮ ಕಡೆ ಮಳೆಗೂ ‘ಲೌಡ್ ಸೌಂಡ್’, ಚಂಡೆಗೂ ‘ಲೌಡ್ ಸೌಂಡ್’, ಮೀನು ಮಾರ್ಕೆಟ್ಟಿಗೂ ಅದೇ. ಪದಗಳ ಪಟ್ಟಿ ಬಾಯಿಪಾಠ ಮಾಡಿದರೂ ಇದು ಸರಿಹೋಗಲ್ಲ. ಸದ್ದನ್ನು ವಾಕ್ಯದಲ್ಲಿ ಎಲ್ಲಿ ಕೂರಿಸಬೇಕು ಅನ್ನೋದೇ ತೊಡಕು.

ಕನ್ನಡದಲ್ಲಿ ‘ಪಟಪಟ ಅಂತ ಮಳೆ ಬಿತ್ತು’ ಅನ್ನುತ್ತೇವೆ. ಸದ್ದು ಬೇರೆ, ಬೀಳೋದು ಬೇರೆ. ಇಂಗ್ಲಿಷಿನಲ್ಲಿ ಸದ್ದೇ ಕ್ರಿಯಾಪದ ಆಗಿಬಿಡುತ್ತದೆ: ‘ದಿ ರೇನ್ ಪ್ಯಾಟರ್ಡ್ ಆನ್ ದಿ ರೂಫ್’. ಹಾಗಾಗಿ ಮೊದಲು ಕನ್ನಡದ ಸದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ, ಆಮೇಲೆ ಅದಕ್ಕೆ ಹೊಂದುವ ಕ್ರಿಯಾಪದ ಹುಡುಕಿ.

ಮಳೆಯಿಂದಲೇ ಶುರು ಮಾಡಿ. ಜೂನ್ ಬಂತೆಂದರೆ ಕಾರವಾರದಲ್ಲಿ ಬೇರೇನು ಕೇಳುತ್ತದೆ ಹೇಳಿ! ಸಣ್ಣ ಹನಿಗೆ ಪ್ಯಾಟರ್, ತಗಡಿನ ಮೇಲೆ ಒಂದೇ ಸಮ ಬಾರಿಸಿದರೆ ಡ್ರಮ್, ಚರಂಡಿಯಲ್ಲಿ ನೀರು ಗುಳುಗುಳು ಅಂದರೆ ಗರ್ಗಲ್. ದೂರದ ಗುಡುಗು ರಂಬಲ್ ಮಾಡುತ್ತದೆ, ನೆತ್ತಿ ಮೇಲೇ ಸಿಡಿದರೆ ಕ್ರ್ಯಾಕ್. ಸಮುದ್ರವೂ ಹಾಗೇ. ಜನವರಿಯಲ್ಲಿ ಟಾಗೋರ್ ಬೀಚಿನಲ್ಲಿ ಅಲೆ ದಡ ಸವರಿಕೊಂಡು ಹೋಗುತ್ತದಲ್ಲ, ಅದು ಲ್ಯಾಪ್. ಆಷಾಢದಲ್ಲಿ ಅದೇ ಸಮುದ್ರ ರೋರ್ ಮಾಡುತ್ತದೆ, ಬಂಡೆಗೆ ಬಡಿದರೆ ಬೂಮ್.

ಮನೆಯೊಳಗಿನದು ಸುಲಭ. ಪಾತ್ರೆಗಳು ಉರುಳಿದರೆ ಕ್ಲ್ಯಾಟರ್, ಚಹಾ ಗ್ಲಾಸು ತಾಗಿದರೆ ಕ್ಲಿಂಕ್, ಒಗ್ಗರಣೆಯ ಸಾಸಿವೆಗೆ ಸ್ಪ್ಲಟರ್, ಕಾವಲಿ ಮೇಲಿನ ಬಂಗಡೆಗೆ ಸಿಜಲ್. ತೋಟದಲ್ಲಿ ತೆಂಗಿನಕಾಯಿ ಬಿದ್ದರೆ ಥಡ್. ದರಕಿನ, ಅಂದರೆ ಉದುರಿದ ಒಣ ಎಲೆಗಳ ವಿಷಯದಲ್ಲಿ ಮಾತ್ರ ನೋಡಿಕೊಂಡು ಬರೆಯಿರಿ: ಗಾಳಿಗೆ ಅಲುಗಿದರೆ ರಸಲ್, ಕಾಲಡಿ ಸಿಕ್ಕರೆ ಕ್ರಂಚ್.

ಇನ್ನು ಸ್ವಲ್ಪ ಮೇಲ್ಮಟ್ಟದ ಪದಗಳು. ಇಲ್ಲೇ ಜಾಸ್ತಿ ಎಡವಟ್ಟು ಆಗೋದು, ಯಾಕೆಂದರೆ ಈ ಪದಗಳೊಳಗೆ ಹೊಗಳಿಕೆಯೋ ಬೈಗುಳವೋ ಸೇರಿಕೊಂಡೇ ಇರುತ್ತದೆ. ಯಕ್ಷಗಾನದಲ್ಲಿ ಹಾಡುವ ಭಾಗವತರ ದನಿಯನ್ನು ‘ಶ್ರಿಲ್’ ಅಂದರೆ ಕಿವಿಗೆ ಚುಚ್ಚುತ್ತದೆ ಅಂತ ಬೈದ ಹಾಗೆ. ತುಂಬಿದ, ಗಂಭೀರ ಕಂಠ ಅನ್ನಬೇಕಾದರೆ ‘ಸಾನರಸ್’ ಅಥವಾ ‘ರೆಸೊನಂಟ್’ ಅನ್ನಿ. ಚಂಡೆಯ ಬಿಡಿಬಿಡಿಯಾದ ಚುರುಕು ಪೆಟ್ಟಿಗೆ ‘ಸ್ಟಕಾಟೊ’ ಚೆನ್ನಾಗಿ ಕೂರುತ್ತದೆ. ಬೆಳಗಿನ ಹಕ್ಕಿಗಳ ದನಿಗೆ ‘ಕಕಾಫನಿ’ ಅಂತ ಬರೆಯುವವರಿದ್ದಾರೆ, ಪದ ದೊಡ್ಡದು ಅನ್ನೋ ಆಸೆಗೆ. ಅದರ ಅರ್ಥ ಕರ್ಕಶವಾದ ಗದ್ದಲ! ಹಕ್ಕಿಗಳಿಗೆ ‘ಡಾನ್ ಕೋರಸ್’ ಇದೆ. ದಾಂಡೇಲಿ ಕಾಡಿನ ಮಂಗಟ್ಟೆಯ (ಹಾರ್ನ್‌ಬಿಲ್ ಹಕ್ಕಿ) ಒರಟು ಕೂಗಿಗಾದರೆ ‘ರಾಕಸ್’ ಅನ್ನಬಹುದು, ತಪ್ಪಿಲ್ಲ.

‘ಡೆಫನಿಂಗ್’ ಅಂದರೆ ಕಿವಿ ಕೆಪ್ಪಾಗಿಸುವಂಥದ್ದು. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಎತ್ತರದಿಂದ ಧುಮುಕುತ್ತಾಳೆ. ಆ ಅಬ್ಬರಕ್ಕೇ ಜಲಪಾತಕ್ಕೆ ಕೆಪ್ಪಜೋಗ ಅನ್ನೋ ಹೆಸರು. ಅಲ್ಲಿಗೆ ‘ಡೆಫನಿಂಗ್ ರೋರ್’ ಸರಿ. ಪಕ್ಕದ ಮನೆ ಮಿಕ್ಸರಿಗೆಲ್ಲ ಅದನ್ನು ಖರ್ಚು ಮಾಡಬೇಡಿ, ಮಿಕ್ಸರಿಗೆ ‘ವರ್’ ಸಾಕು.

ಜನರ ಗದ್ದಲದಲ್ಲೂ ವ್ಯತ್ಯಾಸ ಇದೆ. ಮೀನು ಮಾರ್ಕೆಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವುದು ‘ಹಬಬ್’. ಏನನ್ನೋ ಬೇಕು ಅಂತ ಕೂಗುತ್ತಿದ್ದರೆ ‘ಕ್ಲ್ಯಾಮರ್’. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಎಡೆಬಿಡದೆ ಕಿವಿಗೆ ಬಡಿಯುವ ಒಟ್ಟು ಸದ್ದು ‘ಡಿನ್’, ಅದರೊಳಗೆ ಮೈಕು ಮಾಡುವುದು ‘ಬ್ಲೇರ್’. ಒಂದು ಸದ್ದು ಇನ್ನೊಂದನ್ನು ನುಂಗಿದರೆ ‘ಡ್ರೌನ್ ಔಟ್’: ‘ದಿ ಮೈಕ್ ಡ್ರೌನ್ಡ್ ಔಟ್ ಹರ್ ವಾಯ್ಸ್’. ಮೆಲ್ಲಗೆ ಅಡಗಿಹೋದರೆ ‘ಡೈ ಅವೇ’. ಇವೆರಡು ಕೈವಶವಾದರೆ ಬರಹ ತಾನೇ ಓಡುತ್ತದೆ.

ಅಭ್ಯಾಸಕ್ಕೆ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಒಂದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಕೇಳುತ್ತಾ, ‘ಸೌಂಡ್’, ‘ನಾಯ್ಸ್’, ‘ವೆರಿ’ ಈ ಮೂರನ್ನೂ ಮುಟ್ಟದೆ ಐದು ವಾಕ್ಯ ಬರೆಯಿರಿ. ಹೊಸ ಪದ ಬಳಸಿದ್ದರೆ ಡಿಕ್ಷನರಿಯಲ್ಲಿ ಅರ್ಥ ನೋಡಿ ಸುಮ್ನೆ ಬಿಡಬೇಡಿ, ಕೆಳಗಿರುವ ಉದಾಹರಣೆ ವಾಕ್ಯಗಳನ್ನೂ ಓದಿ. ಯಾವ ಪದದ ಜೊತೆ ಯಾವುದು ಹೊಂದುತ್ತದೆ ಅನ್ನೋದು ಅಲ್ಲೇ ಸಿಗುವುದು.